ಪಂಚೆ ಅಂಚಿನ ಗುಂಡು

ಮೊದಲೇ ಹೇಳಿಬಿಡ್ತೀನಿ, ಇಂಥ ಕತೆಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರ್ಲಿಲ್ಲ. ಹುಣಸೆಮರದಲ್ಲಿ ಬೆಳಕು ಕಾಣಿಸ್ತು, ತೀರಿಕೊಂಡ ಅಜ್ಜಿ ಕನಸಲ್ಲಿ ಬಂದು ಕಾಫಿ ಕೇಳಿದ್ರು ಅಂತ ಯಾರಾದ್ರೂ ಶುರು ಮಾಡಿದ್ರೆ, ನಾನು ಹಿಂದಿನ ಸಾಲಲ್ಲಿ ಕೂತು ನಾಯಿ ಥರ ಊಳಿಟ್ಟು ಸಭೆ ಕೆಡಿಸೋನು. ಇನ್ನೊಂದು ತೊಂದರೆ ಏನಂದ್ರೆ, ನನ್ನ ಮಾತನ್ನ ಬೇ ಏರಿಯಾ ಕನ್ನಡದವರು ಯಾರೂ ಪೂರ್ತಿ ನಂಬಲ್ಲ. ನಾನು ಹಿಡಿದ ಮೀನು ಪ್ರತಿ ಪಾರ್ಟಿಲೂ ಒಂದೊಂದು ಗೇಣು ಬೆಳೀತಾ ಹೋಗುತ್ತೆ ಅಂತ ಅವರಿಗೆಲ್ಲ ಗೊತ್ತು. ಅದಕ್ಕೇ ಒಂದು ಒಪ್ಪಂದ ಮಾಡ್ಕೊಳ್ಳೋಣ. ಇದರಲ್ಲಿ ನನ್ನ ಮಂಗಾಟ ಬಂದ ಕಡೆಯೆಲ್ಲ ಒಗ್ಗರಣೆ ಇದೆ ಅಂತ ತಿಳ್ಕೊಳಿ. ಕೊನೇ ಶನಿವಾರದ ವಿಷಯಕ್ಕೆ ಮಾತ್ರ ಒಂದು ಸಾಸಿವೆ ಕಾಳೂ ಹಾಕಿಲ್ಲ.

ಎಂಬತ್ತರ ದಶಕದ ಮಾತು. ಮೌಂಟನ್ ವ್ಯೂನಲ್ಲಿ ಅಕ್ಕ, ಭಾವ ಇದ್ದ ಅಪಾರ್ಟ್‌ಮೆಂಟಿನ ಹಾಲಲ್ಲಿ, ಮಡಚಿದ್ರೆ ಸೋಫಾ ಬಿಚ್ಚಿದ್ರೆ ಹಾಸಿಗೆ ಆಗೋ ಒಂದು ವಸ್ತುವಿನ ಮೇಲೆ ನನ್ನ ಸಂಸಾರ. ಚಿಪ್ ಕಂಪನಿಯೊಂದರಲ್ಲಿ ಬೋರ್ಡುಗಳನ್ನ ಟೆಸ್ಟ್ ಮಾಡೋದು ನನ್ನ ಕೆಲಸ. ಅಂದ್ರೆ ಕರೆಂಟು ಕೊಡೋದು, ಸುಟ್ಟ ವಾಸನೆ ಬಂದ್ರೆ ಫೇಲು ಅನ್ನೋದು. ಭಾವ ಅದೇ ಕಂಪನಿಯಲ್ಲಿ ದೊಡ್ಡ ಇಂಜಿನಿಯರು. ಧಾರವಾಡದವರು. ಚಾ ಮಾಡೋದಾದ್ರೂ ನೀರನ್ನ ಗೆರೆ ಇರೋ ಲೋಟದಲ್ಲಿ ಅಳೆದು, ಬಗ್ಗಿ, ಕಣ್ಣನ್ನ ಗೆರೆಯ ಮಟ್ಟಕ್ಕೆ ತಂದು ನೋಡ್ತಿದ್ರು. ‘ಅಳತಿ ತಪ್ಪಿದ್ರ ಚಾ ಅಲ್ಲ ತಮ್ಮಾ, ಬಿಸಿನೀರು’ ಅನ್ನೋರು. ನಾನೂ ಅಕ್ಕನೂ ಮೈಸೂರಿನವರು. ನಾವು ಅಂದಾಜಲ್ಲಿ ಬದುಕೋ ಜನ.

ಆ ವರ್ಷ ಅಕ್ಕ ಬಸುರಿ. ಏಳನೇ ತಿಂಗಳು ನಡೀತಿತ್ತು. ಹಿಂದಿನ ವರ್ಷ ಒಂದು ಮಗು ಹೊಟ್ಟೇಲೇ ಹೋಗಿತ್ತು. ಅದಾದಮೇಲೆ ನಮ್ಮ ಮನೇಲಿ ಯಾರೂ ಜೋರಾಗಿ ಬಾಗಿಲು ಕೂಡ ಹಾಕ್ತಿರ್ಲಿಲ್ಲ. ಈ ಸಲ ಅಮ್ಮ ಮೈಸೂರಿಂದ ಹೇಳಿ ಕಳಿಸಿದ ಪದ್ಧತಿ ಒಂದನ್ನೂ ಅಕ್ಕ ಬಿಡ್ಲಿಲ್ಲ. ಅದರಲ್ಲಿ ಮುಖ್ಯವಾದ್ದು ಅಂದ್ರೆ, ಹೆಂಡತಿ ಬಸುರಿಯಾಗಿದ್ದಾಗ ಗಂಡ ಜೀವ ತೆಗೀಬಾರ್ದು, ತೆಂಗಿನಕಾಯಿಯನ್ನೂ ಒಡೀಬಾರ್ದು. ಭಾವ ಇದನ್ನ ನಂಬ್ತಿದ್ರೋ ಇಲ್ವೋ ಗೊತ್ತಿಲ್ಲ, ಪಾಲಿಸ್ತಿದ್ದಿದ್ದು ಮಾತ್ರ ನಿಜ. ಹೀಗಾಗಿ ಮನೆಯ ಕಾಯಿ ಒಡೆಯೋ ಹುದ್ದೆ ನನಗೆ ಬಂತು. ಪಾರ್ಕಿಂಗ್ ಲಾಟಿನ ಸಿಮೆಂಟ್ ಕಟ್ಟೆ ಮೇಲೆ ಹೊಡೀತಿದ್ದೆ. ಒಂದು ಸಲ ಅರ್ಧ ಹೋಳು ಹಾರಿ ಅಪಾರ್ಟ್‌ಮೆಂಟ್ ಮ್ಯಾನೇಜರ್ ಕಾರಿನ ಬಾನೆಟ್ ಮೇಲೆ ಕೂತ್ಕೊಂಡು, ಆಕೆ ಇದೇನೋ ಮಾಟ ಅಂದ್ಕೊಂಡು ನನ್ನ ಜೊತೆ ಒಂದು ತಿಂಗಳು ಮಾತಾಡ್ಲಿಲ್ಲ.

ಇಂಥ ಹೊತ್ತಲ್ಲಿ ನಮ್ಮ ಲ್ಯಾಬಿನ ಡೇವ್ ಬಂದು ಜಿಂಕೆ ಬೇಟೆಗೆ ಬರ್ತೀರಾ ಅಂದ. ಗಿಲ್‌ರಾಯಲ್ಲಿ ಅವನ ಮನೆ. ಊರಿನ ಪೂರ್ವಕ್ಕಿರೋ ಗುಡ್ಡಗಳಲ್ಲಿ ಅವನ ಚಿಕ್ಕಪ್ಪನ ಜಮೀನು. ಅವನ ಹತ್ರ ಒಂದು ಹಳೇ ಮಾದರಿಯ ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರೀಬೇಕು, ಸೀಸದ ಗುಂಡನ್ನ ಒಂದು ತುಂಡು ಬಟ್ಟೇಲಿ ಸುತ್ತಿ ಮೇಲೆ ಕೂರಿಸ್ಬೇಕು, ಉದ್ದನೆ ಕೋಲಿಂದ ತಳದವರೆಗೂ ತಳ್ಳಿ ಗಟ್ಟಿಯಾಗಿ ಇಡೀಬೇಕು, ಹಿಂದೆ ಒಂದು ಪುಟ್ಟ ತೂತಿನ ಮೇಲೆ ಕಿಡಿ ಹತ್ತಿಸೋ ಕೇಪು ಸಿಕ್ಕಿಸ್ಬೇಕು. ಇಷ್ಟೆಲ್ಲ ಮಾಡಿದಮೇಲೆ ಒಂದೇ ಒಂದು ಏಟು. ಇಂಥ ಕೋವಿಗೇ ಅಂತ ಬೇರೆ ಸೀಸನ್ನು, ಬೇರೆ ಪರ್ಮಿಟ್ಟು. ಪರ್ಮಿಟ್ಟು ನನ್ನ ಹೆಸರಲ್ಲಿ ತಗೊಂಡ್ವಿ. ಭಾವ ಬರೀ ಪ್ರೇಕ್ಷಕರು ಅಂತ ಅಕ್ಕನಿಗೆ ಮಾತು ಕೊಟ್ವಿ.

ನಾನು ಮಾತ್ರ ಆಗಲೇ ಕನ್ನಡದವರ ಮನೆಮನೆಗೂ ಹೋಗಿ, ದೀಪಾವಳಿಗೆ ಜಿಂಕೆ ಸಾರು, ಪಾತ್ರೆ ನೀವೇ ತನ್ನಿ ಅಂತ ಹೇಳಿ ಬಂದಿದ್ದೆ.

ಮೊದಲನೇ ಶನಿವಾರ ಜಿಂಕೆ ಕಂಡಿತು. ನಾನು ತುಂಬಿಸಿದೆ, ಗುರಿ ಇಟ್ಟೆ, ಬೆರಳಿಂದ ಕೋವಿಯ ಕುದುರೆ ಎಳೆದೆ. ಢಂ ಅಂತು. ಗುಡ್ಡಾನೇ ಕಾಣದಷ್ಟು ಹೊಗೆ. ಹೊಗೆ ಹೋದಮೇಲೆ ನೋಡಿದ್ರೆ ಜಿಂಕೆ ಇಲ್ಲ, ದೂರದ ಓಕ್ ಮರದಲ್ಲಿ ಏನೋ ಅಲ್ಲಾಡ್ತಾ ಇದೆ. ಅದು ಇಡಿಯೋ ಕೋಲು! ಗುಂಡು ಕೂರಿಸಿದಮೇಲೆ ಅದನ್ನ ನಳಿಗೆಯಿಂದ ಆಚೆ ತೆಗೀಬೇಕು ಅನ್ನೋದು ಮರೆತುಹೋಗಿತ್ತು. ಭಾವ ಮರದ ಹತ್ರ ಹೋಗಿ, ಅದು ಎಷ್ಟು ಆಳ ನೆಟ್ಟಿದೆ ಅಂತ ಬೆರಳಲ್ಲಿ ಅಳೆದು ನೋಡಿ, ‘ಬಾಣಾ ಛಲೋ ಹೊಡೀತಿ ತಮ್ಮಾ. ಕೋವಿ ಬ್ಯಾರೆ’ ಅಂದ್ರು. ಡೇವ್ ನಗ್ತಾ ನಗ್ತಾ ಹುಲ್ಲಿನ ಮೇಲೆ ಕೂತುಬಿಟ್ಟ. ಆಮೇಲೆ ಹೊಸ ಕೋಲು ತಂದುಕೊಟ್ಟ.

ಎರಡನೇ ಶನಿವಾರಕ್ಕೆ ಮುಂಚೆ ಆಯುಧಪೂಜೆ ಬಂತು. ನಮ್ಮನೇಲಿ ವರ್ಷಾ ವರ್ಷಾ ಕಾರು, ಸ್ಕ್ರೂಡ್ರೈವರು, ಮಿಕ್ಸಿ, ಭಾವನ ಕ್ಯಾಲ್ಕುಲೇಟರು ಎಲ್ಲಕ್ಕೂ ಪೂಜೆ. ಆ ವರ್ಷ ಡೇವ್ ನಮ್ಮ ಹತ್ರ ಬಿಟ್ಟಿದ್ದ ನಿಜವಾದ ಆಯುಧಾನೇ ಮನೇಲಿತ್ತು. ನನಗಂತೂ ಖುಷಿ ತಡೆಯೋಕಾಗ್ಲಿಲ್ಲ. ಕೋವಿಗೆ ಗಂಧ ಹಚ್ಚಿದೆ, ವಿಭೂತಿ ಬಳಿದೆ, ಕುಂಕುಮ ಇಟ್ಟೆ, ಚೆಂಡುಹೂವು ಸಿಕ್ಕಿಸಿದೆ. ಮದುವೆಗೆ ಹೊರಟ ಗಂಡಿನ ಥರ ಇತ್ತು. ಅಕ್ಕ ಮಂಗಳಾರತಿ ಎತ್ತಿ ಬಹಳ ಹೊತ್ತು ಕಣ್ಣು ಮುಚ್ಕೊಂಡು ನಿಂತಿದ್ಲು. ‘ದೊಡ್ಡ ಕೊಂಬಿಂದು ಬೇಡ್ಕೊಂಡ್ಯಾ?’ ಅಂದೆ.

‘ಯಾರಿಗೂ ತಾಗದೇ ಇರ್ಲಿ ಅಂದೆ’ ಅಂದ್ಲು.

‘ಅಲ್ಲ ಕಣೇ, ಕೋವಿಗೆ ಪೂಜೆ ಮಾಡಿ ಅದರ ಹೊಟ್ಟೆ ಮೇಲೇ ಹೊಡೀತಿದೀಯಲ್ಲ!’

‘ನನ್ನ ಹೊಟ್ಟೆ ನೋಡ್ಕೊಳ್ಳೋದೇ ನನಗೆ ಸಾಕಾಗಿದೆ, ಹೋಗೋ’ ಅಂದ್ಲು.

ಆ ಶನಿವಾರ ಕವಲು ಕೊಂಬಿನ ಗಂಡು ಜಿಂಕೆ ನನ್ನೆದುರಿಗೇ ಬಂದು ನಿಂತಿತು. ಕುದುರೆ ಎಳೆದೆ. ಟಕ್. ಕೇಪು ಬದಲಾಯಿಸಿ ಮತ್ತೆ ಎಳೆದೆ. ಟಕ್. ಜಿಂಕೆ ನನ್ನ ಕಡೆ ನೋಡಿ, ಇವನಿಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ ಅನ್ನೋ ಹಾಗೆ ಕಿವಿ ಆಡಿಸಿ ಹೊರಟುಹೋಯ್ತು. ಭಾವ ಕೋವಿ ಇಸ್ಕೊಂಡು, ಕೇಪು ಕೂರೋ ತೂತಿಗೆ ಗುಂಡುಪಿನ್ನು ಹಾಕಿ ಕೆರೆದ್ರು. ಒಳಗಿಂದ ಒಣಗಿದ ಗಂಧ ಪುಡಿಪುಡಿಯಾಗಿ ಉದುರ್ತು. ಪೂಜೆ ಜಾಸ್ತಿಯಾಗಿ ಕೋವಿಯ ಮೂಗೇ ಕಟ್ಟಿತ್ತು. ಗುಡ್ಡದ ಮೇಲೆಲ್ಲ ಮೈಸೂರು ಸ್ಯಾಂಡಲ್ ಘಮಘಮ.

‘ಸಾಕು. ಇನ್ನ ನೀ ಮುಟ್ಟಬ್ಯಾಡ’ ಅಂದ್ರು ಭಾವ. ‘ತುಂಬೂದು ನಂದು. ಹೊಡಿಯೂದು ನಿಂದು.’

ಆ ಹೊತ್ತಿಗೆ ಇದು ಒಳ್ಳೇ ಉಪಾಯ ಅನ್ನಿಸ್ತು. ಪದ್ಧತಿನೂ ಉಳೀತು, ಜಿಂಕೆನೂ ಸಿಗುತ್ತೆ. ತೆಂಗಿನಕಾಯಿ ಅಂಗಡಿಯಿಂದ ತರೋದು ಗಂಡ, ಒಡೆಯೋದು ಬೇರೆಯವರು ಅನ್ನೋ ಲೆಕ್ಕ. ಅಕ್ಕನಿಗೆ ಹೇಳಿದ್ವಿ. ಅವಳು ಹುಳಿ ತಿರುವ್ತಾ ಇದ್ದೋಳು ಸೌಟು ಕೆಳಗಿಟ್ಟು, ‘ತುಂಬಿಸೋ ಕೈಗೆ ಏನೂ ಅಂಟಲ್ವೇನ್ರೀ?’ ಅಂತ ಭಾವನ್ನ ಕೇಳಿದ್ಲು. ಅಳತೆ ಗೊತ್ತಿದ್ದ ಮನುಷ್ಯ ತಮ್ಮ ಅಂಗೈ ತಿರುಗಿಸಿ ನೋಡ್ಕೊಂಡ್ರು. ನಾನು ಏನೋ ಜೋಕ್ ಮಾಡಿದೆ. ಏನು ಅಂತ ಈಗ ನೆನಪಿಲ್ಲ.

ಮೂರನೇದು ಕೊನೇ ಶನಿವಾರ. ಮಾರನೇ ದಿನ ಡೇವ್ ಚಿಕ್ಕಪ್ಪನ ಮನೆಗೆ ನೆಂಟರು ಬರೋರಿದ್ರು. ಹಾಗಾಗಿ ನಮ್ಮ ಪಾಲಿಗೆ ಸೀಸನ್ನು ಅವತ್ತಿಗೇ ಮುಗೀತು. ಅವತ್ತೇ ಮನೇಲಿ ನಮ್ಮ ಕನ್ನಡದ ಹೆಂಗಸರು ಸೇರಿ ಅಕ್ಕನಿಗೆ ಮಡಿಲು ತುಂಬೋದು ಅಂತ ಇಟ್ಕೊಂಡಿದ್ರು. ಮಗನ ಮನೆಗೆ ಬಂದಿದ್ದ ಶಾರದಮ್ಮ ಅನ್ನೋ ಹಿರಿಯರು ಹೇಳ್ಕೊಟ್ಟ ಹಾಗೆ, ಸೆರಗಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ ಹಾಕೋ ಶಾಸ್ತ್ರ. ಹೊರಡೋವಾಗ ಅಕ್ಕ ಬಾಗಿಲಿಗೆ ಬಂದು ‘ಇವತ್ತೊಂದಿನ ಬೇಡ ಕಣ್ರೋ’ ಅಂದ್ಲು. ಭಾವ ಶೂ ಲೇಸು ಕಟ್ತಾ ಇದ್ದೋರು ನಿಲ್ಲಿಸಿದ್ರು. ನಾನೇ, ‘ಮನೆ ತುಂಬಾ ರೇಷ್ಮೆ ಸೀರೆ ಇರುತ್ತೆ, ನಮಗೆ ಕೂರೋಕೆ ಬಾತ್‌ರೂಮೇ ಗತಿ’ ಅಂತ ಅವರ ರಟ್ಟೆ ಹಿಡಿದು ಎಳ್ಕೊಂಡು ಹೋದೆ. ಯಾಕೆ ಬೇಡ ಅಂತ ಅವಳು ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ.

ಇಲ್ಲಿಂದ ಒಗ್ಗರಣೆ ಬಂದ್.

ಡೇವ್ ಕೆಳಗಿನ ಹಳ್ಳದ ಕಡೆ ಹೋದ. ನಾವಿಬ್ರೂ ಮೇಲಿದ್ವಿ. ಬೆಳಗಿನ ಮಂಜು ಕರಗಿ ಒಳ್ಳೇ ಬಿಸಿಲು ಬಂದಿತ್ತು. ಗುಂಡು ಸುತ್ತೋಕೆ ಭಾವ ತಮ್ಮ ಹಳೇ ಪಂಚೆಯೊಂದನ್ನ ಹರಿದು ತುಂಡು ಮಾಡಿ ಇಟ್ಕೊಂಡಿದ್ರು. ಹಿಂದಿನ ವಾರಗಳ ಪ್ರಾಕ್ಟೀಸಲ್ಲಿ ಅದೆಲ್ಲ ಖರ್ಚಾಗಿ ಅಂಚು ಮಾತ್ರ ಉಳಿದಿತ್ತು. ಅಂಚಲ್ಲಿ ಪಕ್ಕಪಕ್ಕ ಎರಡು ದಪ್ಪ ಗೆರೆ, ಧಾರವಾಡದ ಪಂಚೆಗಳಲ್ಲಿ ಇರುತ್ತಲ್ಲ, ಹಾಗೆ. ನನ್ನ ಕಣ್ಣೆದುರಿಗೇ ಅಂಚಿಂದ ಒಂದು ತುಂಡು ಕತ್ತರಿಸಿದ್ರು. ಮದ್ದು ಅಳೆದು ಸುರಿದ್ರು. ಗುಂಡನ್ನ ಆ ತುಂಡಲ್ಲಿ ಇಟ್ಟು ಕೂರಿಸಿ ಇಡಿದ್ರು. ಇಡಿಯೋ ಕೋಲಿನ ಮೇಲೆ ಅವರು ಮೊದಲೇ ಚಾಕುವಿಂದ ಒಂದು ಗುರುತು ಮಾಡಿಟ್ಟಿದ್ರು. ಮದ್ದಿನ ಮೇಲೆ ಗುಂಡು ಸರಿಯಾಗಿ ಕೂತಿದ್ರೆ ಆ ಗುರುತು ನಳಿಗೆ ಬಾಯಿಗೆ ಸಮ ಬರುತ್ತೆ. ಗುಂಡು ಇಲ್ದಿದ್ರೆ ಒಳಗೆ ಹೋಗಿಬಿಡುತ್ತೆ. ಬಗ್ಗಿ, ಕಣ್ಣನ್ನ ಗುರುತಿನ ಮಟ್ಟಕ್ಕೆ ತಂದು, ಚಾ ನೀರು ನೋಡೋ ಹಾಗೇ ನೋಡಿದ್ರು. ‘ನೀನೂ ನೋಡು’ ಅಂದ್ರು. ನೋಡಿದೆ. ಸಮ ಇತ್ತು. ಕೋಲನ್ನ ಹೊರಗೆ ತೆಗೆದು ನನ್ನ ಮುಖದ ಮುಂದೆ ಎರಡು ಸಲ ಅಲ್ಲಾಡಿಸಿ, ನೋಡ್ಕೋ, ತೆಗೆದಿದೀನಿ ಅನ್ನೋ ಹಾಗೆ ಪಕ್ಕಕ್ಕಿಟ್ರು.

ಆಮೇಲೆ ಸುಮ್ಮನೆ ಕಾದ್ವಿ. ಅಕ್ಕ ಕಟ್ಟಿಕೊಟ್ಟಿದ್ದ ರೊಟ್ಟಿ, ಬೆಳ್ಳುಳ್ಳಿ ಚಟ್ನಿ ತಿಂದ್ವಿ. ವಾಸನೆಗೆ ಜಿಂಕೆ ಓಡಿಹೋಗಲ್ವಾ ಅಂತ ಕೇಳಬೇಡಿ, ಊರ ಸುತ್ತ ಬೆಳ್ಳುಳ್ಳಿನೇ ಬೆಳೆಯೋ ಗಿಲ್‌ರಾಯಲ್ಲಿ ಆ ವಾಸನೆ ಬರದಿದ್ರೇನೇ ಅವಕ್ಕೆ ಅನುಮಾನ ಬರೋದು.

ಊಟದ ಹೊತ್ತು ಹತ್ರ ಬಂದಾಗ ಗಂಡು ಜಿಂಕೆ ಬಂತು. ಹೋದ ವಾರದ್ದೇ ಅಂತ ನನಗನ್ನಿಸ್ತು, ಅದರ ಹಾಗೇ ಎಡಗಡೆ ಕೊಂಬಿನ ತುದಿ ಮುರಿದಿತ್ತು. ಅಡ್ಡಲಾಗಿ ನಿಂತ್ಕೊಂಡಿತು. ಅದರ ಹಿಂದೆ ಆಳೆತ್ತರದ ಕೆಂಪು ಮಣ್ಣಿನ ದಿಬ್ಬ. ಕಣ್ಣು ಕಟ್ಟಿ ಹೊಡೆದ್ರೂ ಜಿಂಕೆಗೆ ತಾಗ್ಬೇಕು, ತಪ್ಪಿದ್ರೆ ಮಣ್ಣಿಗೆ ತಾಗ್ಬೇಕು, ಅಷ್ಟು ಹತ್ರ. ಮರದ ಕೊಂಬೆಗೆ ಆನಿಸಿ, ಮುಂಗಾಲಿನ ಹಿಂದಕ್ಕೆ ಗುರಿ ಇಟ್ಟು ಎಳೆದೆ. ಕೋವಿ ಸರಿಯಾಗೇ ಹಾರ್ತು. ಭುಜಕ್ಕೆ ಒದೆಯೂ ಬಿತ್ತು.

ಹೊಗೆ ನಿಧಾನವಾಗಿ ಸರೀತು. ಜಿಂಕೆ ಅಲ್ಲೇ ನಿಂತಿತ್ತು.

ಬೆಚ್ಚಿರ್ಲಿಲ್ಲ. ಓಡಿರ್ಲಿಲ್ಲ. ಮೇಯೋದನ್ನ ನಿಲ್ಲಿಸಿ ತಲೆ ಎತ್ತಿತ್ತು, ಅಷ್ಟೇ. ಅದು ನೋಡ್ತಾ ಇದ್ದಿದ್ದು ನನ್ನನ್ನಲ್ಲ, ಕೋವಿ ತುಂಬಿದ್ದ ಭಾವನ್ನ. ಅಷ್ಟು ಹೊತ್ತು ಒಂದು ಕಾಡುಪ್ರಾಣಿ ಮನುಷ್ಯನ್ನ ನೋಡಿದ್ದನ್ನ ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಆಮೇಲೆ ನಮ್ಮ ಬೀದಿ ಹಸು ಗೇಟು ದಾಟಿ ಹೋಗುತ್ತಲ್ಲ, ಹಾಗೆ ನಡ್ಕೊಂಡು ಹೋಯ್ತು.

ಇಬ್ರೂ ಹೋಗಿ ಹುಡುಕಿದ್ವಿ. ಒಂದು ಹನಿ ರಕ್ತ ಇಲ್ಲ, ಒಂದು ಕೂದಲು ಉದುರಿಲ್ಲ. ಹಿಂದಿನ ದಿಬ್ಬವನ್ನ ಭಾವ ಅಂಗೈಯಿಂದ ಸವರಿ ಸವರಿ ನೋಡಿದ್ರು. ಇಲಿ ಬಿಲ ಬಿಟ್ರೆ ಒಂದು ತೂತೂ ಇಲ್ಲ. ಗುಂಡು ಹಾರಿದಾಗ ಅದನ್ನ ಸುತ್ತಿದ ಬಟ್ಟೆ ಕೋವಿಯಿಂದ ಸ್ವಲ್ಪ ಮುಂದೆ ಬೀಳುತ್ತೆ. ಅದು ಮಾತ್ರ ಸಿಕ್ತು. ಹುಲ್ಲಿನ ಮೇಲೆ, ಮಸಿ ಹಿಡಿದು, ಗುಂಡು ಕೂತಿದ್ದ ಗುಳಿ ಸಮೇತ. ಎರಡು ಗೆರೆ ಹಾಗೇ ಕಾಣ್ತಿತ್ತು.

‘ಅರಿವಿ ಹೊರಗ ಬಂದದ. ಗುಂಡ ಎಲ್ಲಿ ಹೋತು?’ ಅಂದ್ರು ಭಾವ. ಬಟ್ಟೆಯನ್ನ ಕರ್ಚೀಫಲ್ಲಿ ಸುತ್ತಿ ಜೇಬಲ್ಲಿ ಇಟ್ಕೊಂಡ್ರು.

ನಾನು ದಾರೀಲೆಲ್ಲ ತಮಾಷೆ ಮಾಡ್ತಾ ಬಂದೆ. ಮರಕ್ಕೆ ಬಾಣ ಬಿಟ್ಟವನು ಈಗ ಗಾಳಿಗೇ ಗುಂಡು ಹೊಡೆದ ಅಂತ ಹೊಸ ಕತೆ ಕಟ್ಕೊಂಡು, ದೀಪಾವಳಿಗೆ ಬೇಳೆಸಾರಿಗೇ ಜಿಂಕೆ ಅಂತ ಹೆಸರಿಡೋಣ ಅಂದೆ. ಫ್ರೀವೇ ಉದ್ದಕ್ಕೂ ಭಾವ ಒಂದು ಸಲಾನೂ ನಗ್ಲಿಲ್ಲ.

ಮನೆಗೆ ಬಂದಾಗ ಸಂಜೆ. ಹೆಂಗಸರೆಲ್ಲ ಹೋಗಿದ್ರು, ಶಾರದಮ್ಮ ಒಬ್ರೇ ಉಳ್ಕೊಂಡಿದ್ರು. ಅಕ್ಕ ಹಸಿರು ಸೀರೆಯಲ್ಲಿ ಸೋಫಾ ಮೇಲೆ ಕೂತಿದ್ಲು. ಮಡಿಲಲ್ಲಿ ಸೆರಗಿನ ಗಂಟು ಹಾಗೇ ಇತ್ತು. ಗಂಡ ಬಂದಮೇಲೆ ಅವನ ಎದುರಿಗೇ ಬಿಚ್ಚಿ ತಟ್ಟೆಗೆ ಸುರೀಬೇಕು ಅನ್ನೋದು ಶಾರದಮ್ಮನ ಕಡೆ ಪದ್ಧತಿಯಂತೆ. ಅಕ್ಕನ ಕಣ್ಣು ಅತ್ತು ಕೆಂಪಾಗಿತ್ತು, ಮುಖ ಮಾತ್ರ ನಗ್ತಾ ಇತ್ತು. ಆಗ ಹೇಳಿದ್ಲು. ಬೆಳಗಿಂದ ಮಗು ಅಲ್ಲಾಡಿರ್ಲಿಲ್ಲವಂತೆ. ಹೋದ ಸಲಾನೂ ಹೀಗೇ ಶುರುವಾಗಿತ್ತು. ಬಾಯಿಬಿಟ್ಟು ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನೋ ಭಯಕ್ಕೆ ನಮ್ಮ ಹತ್ರ ಹೇಳಿರ್ಲಿಲ್ಲ. ಶಾಸ್ತ್ರ ಮುಗಿಸಿ ಆಸ್ಪತ್ರೆಗೆ ಹೋಗೋಣ ಅಂತ ಹಲ್ಲು ಕಚ್ಕೊಂಡು ಕೂತಿದ್ಲಂತೆ.

‘ಅಕ್ಕಿ ಹಾಕ್ತಾ ಇದ್ದಾಗ ಏನೋ ದಪ್ಪಂತ ಬಿತ್ತು ಕಣ್ರೀ ಮಡಿಲಿಗೆ’ ಅಂದ್ಲು ಭಾವನಿಗೆ. ‘ಕಾಯಿ ಜಾರ್ತೇನೋ ಅಂದ್ಕೊಂಡೆ. ಬಿದ್ದ ತಕ್ಷಣ ಒದೀತು. ಎಂಥಾ ಒದೆ ಅಂತೀರಾ! ಆಮೇಲೆ ನಿಲ್ಲಿಸೇ ಇಲ್ಲ.’

‘ಊಟಕ್ಕೆ ಎಲೆ ಹಾಕೋಕ್ಕೆ ಮುಂಚೆ’ ಅಂದ್ರು ಶಾರದಮ್ಮ. ‘ಅಷ್ಟು ಜನರ ಮುಂದೆ ಕಿರುಚಿಬಿಟ್ಲು ಹುಡುಗಿ. ನಾವೆಲ್ಲ ಗಾಬರಿ.’

ಆಮೇಲೆ ಅಕ್ಕ ಎದ್ದು ನಿಂತು ಗಂಟು ಬಿಚ್ಚಿ ಸ್ಟೀಲ್ ತಟ್ಟೆಗೆ ಸುರಿದ್ಲು. ಅಕ್ಕಿ, ಕಾಯಿ, ಅಡಿಕೆ, ಅರಿಶಿನದ ಕೊಂಬು. ಅದರ ಜೊತೆ ಟಣ್ ಅಂತ ಒಂದು ಸೀಸದ ಗುಂಡು.

ಶಾರದಮ್ಮ ಅದನ್ನ ದೊಡ್ಡ ಅಡಿಕೆ ಅಂದ್ಕೊಂಡು ತೆಗೆಯೋಕೆ ಹೋದ್ರು. ಭಾವ ಅವರ ಕೈ ತಡೆದು, ತಾವೇ ಎತ್ಕೊಂಡು ದೀಪದ ಹತ್ರ ಹೋದ್ರು. ಹೊಸ ಗುಂಡು ಗೋಲಿ ಥರ ನುಣ್ಣಗಿರುತ್ತೆ. ಇದರ ಅರ್ಧ ಮೈ ಮೇಲೆ ಬಟ್ಟೆಯ ನೇಯ್ಗೆ ಅಚ್ಚಾಗಿತ್ತು. ನೇಯ್ಗೆಯ ಮಧ್ಯೆ ಪಕ್ಕಪಕ್ಕ ಎರಡು ದಪ್ಪ ಗೆರೆ. ಭಾವ ಜೇಬಿಂದ ಕರ್ಚೀಫು ಬಿಚ್ಚಿ, ಮಸಿ ಹಿಡಿದ ಪಂಚೆ ಅಂಚನ್ನ ಅಂಗೈ ಮೇಲೆ ಹರಡಿ, ಅದರ ಗುಳಿಯಲ್ಲಿ ಗುಂಡನ್ನ ಇಟ್ಟು ತಿರುಗಿಸಿದ್ರು. ಒಂದು ಕಡೆ ಬಂದಾಗ ಗೆರೆಗೆ ಗೆರೆ ಕೂತ್ಕೊಂಡಿತು.

ಅಕ್ಕ ಅದೇನು ಅಂತ ಕೇಳಿದ್ಲು. ಭಾವ ಅವಳ ಕಾಲ ಹತ್ರ ನೆಲದ ಮೇಲೆ ಕೂತುಬಿಟ್ರು. ನನ್ನ ಬಾಯಲ್ಲಿ ಯಾವ ಜೋಕೂ ಬರ್ಲಿಲ್ಲ. ಇದನ್ನ ನಂಬದೇ ಇರೋರು ನಮ್ಮ ಅಕ್ಕನ್ನ ಕೇಳಿ, ನನ್ನ ಬಾಯಿ ಮುಚ್ಚಿದ್ದು ಅವಳು ಕಂಡಿದ್ದು ಅದೊಂದೇ ಸಲ.

ಸೋಮವಾರ ಕೋವಿ ವಾಪಸ್ ಕೊಟ್ವಿ. ಡೇವ್‌ಗೆ ಜಿಂಕೆಯ ಕತೆ ಮಾತ್ರ ಹೇಳಿದ್ವಿ, ಮಡಿಲಿನದ್ದು ಹೇಳ್ಲಿಲ್ಲ. ನಡೆಯೋವಾಗ ನಳಿಗೆ ಕೆಳಗಾಗಿದ್ರೆ ಗುಂಡು ಜಾರಿ ಬಿದ್ದಿರುತ್ತೆ, ಎಲ್ರಿಗೂ ಆಗುತ್ತೆ ಅಂದ ಅವನು. ಒಳ್ಳೇ ವಿವರಣೆ. ನಾನೂ ಒಂದಷ್ಟು ದಿನ ಅದನ್ನೇ ಹಿಡ್ಕೊಂಡು ಓಡಾಡಿದೆ. ಆದ್ರೆ ಜಾರಿದ್ರೆ ಗಿಲ್‌ರಾಯ್ ಹುಲ್ಲಲ್ಲಿ ಬೀಳ್ಬೇಕು, ಮೌಂಟನ್ ವ್ಯೂ ಅಕ್ಕಿಯಲ್ಲಿ ಯಾಕೆ ಬೀಳುತ್ತೆ? ಹಳೇ ಗುಂಡೊಂದು ಭಾವನ ಜೇಬಿಂದ ಅಕ್ಕಿಗೆ ಬಿದ್ದಿರಬಹುದು ಅಂತಾನೂ ಯೋಚಿಸಿದೆ. ಆದ್ರೆ ಅಂಚಿನ ತುಂಡು ಕತ್ತರಿಸಿದ್ದು ಅವತ್ತು ಬೆಳಿಗ್ಗೆ ಗುಡ್ಡದ ಮೇಲೆ. ಮಂಗಾಟ ನಾನು ಮಾಡಿರ್ತೀನಿ ಅಂತೀರಾ? ಖಂಡಿತ ಮಾಡೋನೇ. ಆದ್ರೆ ಅವತ್ತು ತುಂಬಿದ್ದು ನಾನಲ್ಲ, ಚಾ ನೀರಿಗೂ ಬಗ್ಗಿ ನೋಡೋ ಮನುಷ್ಯ. ಇದೆಲ್ಲಕ್ಕೂ ಸೇರಿ ಉತ್ತರ ಇರೋರು ಬಂದು ಹೇಳ್ಲಿ, ಊಟ ಹಾಕ್ತೀನಿ, ಕೇಳ್ತೀನಿ. ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

ಸಂಕ್ರಾಂತಿ ಕಳೆದಮೇಲೆ ಹೆಣ್ಣು ಮಗು ಹುಟ್ತು. ಈಗ ಅವಳಿಗೆ ಕನ್ನಡ ಎಲ್ಲ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. ಗುಂಡು ದೇವರ ಗೂಡಲ್ಲಿದೆ. ಆಯುಧಪೂಜೆ ದಿನ ಅದಕ್ಕೆ ಅಕ್ಕನೇ ಕುಂಕುಮ ಇಡ್ತಾಳೆ, ಗಂಧ ಹಚ್ಚೋಕೆ ನನ್ನನ್ನ ಬಿಡಲ್ಲ. ಆರೇಳು ವರ್ಷದವಳಿದ್ದಾಗ ಒಂದು ಸಲ ಪುಟ್ಟಿ ನನ್ನ ತೊಡೆ ಮೇಲೆ ಕೂತ್ಕೊಂಡು, ಮರಕ್ಕೆ ಕೋಲು ಹೊಡೆದ ಕತೆ ಕೇಳಿ ಬಿದ್ದು ಬಿದ್ದು ನಕ್ಕಳು. ಗಂಧದ ಕತೆಗೂ ನಕ್ಕಳು. ಆಮೇಲೆ ಗೂಡಿನ ಕಡೆ ಬೆರಳು ತೋರಿಸಿ, ‘ಆ್ಯಂಡ್ ದಟ್ ಒನ್, ಮಾಮ? ಯು ಮಿಸ್ಡ್ ದಟ್ ಒನ್ ಟೂ, ರೈಟ್?’ ಅಂದ್ಲು.

ಭಾವ ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡಿದ್ರು.

‘ಇಲ್ಲ ಪುಟ್ಟಿ’ ಅಂದೆ. ‘ಅದೊಂದು ತಪ್ಪಲಿಲ್ಲ.’